ಜಾಜ್, ಮನೋಧರ್ಮ ಮತ್ತು ನಮ್ಮ ಕರೋಕೆ

ಕಳೆದ ರಾಜ್ಯೋತ್ಸವದ ಸಂಜೆ ನನ್ನ ಮಗಳು ಭಾವಗೀತೆಯೊಂದನ್ನು ಹಾಡಿದಳು. ಹಿಮ್ಮೇಳವೆಲ್ಲ ಫೋನಿನಲ್ಲಿದ್ದ ಟ್ರ್ಯಾಕ್. ಎರಡನೇ ಚರಣದಲ್ಲಿ ಒಂದು ಸಾಲು ಮರೆತು ಅರೆಕ್ಷಣ ನಿಂತಳು. ಟ್ರ್ಯಾಕ್ ನಿಲ್ಲಲಿಲ್ಲ. ಅದು ಮುಂದೆ, ಇವಳು ಹಿಂದೆ. ಸಭಿಕರು ಚಪ್ಪಾಳೆ ತಟ್ಟಿದ್ದು ಅವರ ದೊಡ್ಡ ಮನಸ್ಸು. ಆದರೆ ಮನೆಗೆ ಬಂದ ಮೇಲೆ ಅವಳು "ಅಪ್ಪಾ, ನಾನು ತಪ್ಪಿದಾಗ ಯಾರೂ ಕಾಯಲೇ ಇಲ್ಲ" ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆ ವಾರವೇ ಹಳೆಯ ಧ್ವನಿಮುದ್ರಿಕೆಯೊಂದನ್ನು ಮತ್ತೆ ಕೇಳಿದೆ: 1983ರಲ್ಲಿ ಮುದ್ರಣಗೊಂಡ 'ಜ್ಯೋತಿ'. ಅಮೆರಿಕದ ಜಾಜ್ ವಾದಕ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು, ಜೊತೆಗೆ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗದ ಮೃದಂಗ, ಘಟ, ಖಂಜಿರ, ಕೊನ್ನಕೋಲು, ಆರ್.ಎ. ರಮಾಮಣಿಯವರ ಗಾಯನ.

ಮರಿಯಾನೊ ನಮ್ಮ ನೆರೆಯವರೂ ಆಗಿದ್ದರು ಎಂಬುದು ಹಲವರಿಗೆ ತಿಳಿದಿರಲಾರದು. 1960ರ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾ ರೇಡಿಯೋದ ವಾದ್ಯವೃಂದದೊಡನೆ ಕೆಲಸ ಮಾಡಲು ಕ್ವಾಲಾಲಂಪುರಕ್ಕೆ ಬಂದ ಅವರು ಅಲ್ಲಿ ನಾಗಸ್ವರಕ್ಕೆ ಮನಸೋತು ಕಲಿಯತೊಡಗಿದರು. ಇತ್ತ ನಮ್ಮ ಕದ್ರಿ ಗೋಪಾಲನಾಥರು (1949-2019) ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದನ್ನೇ ಹಿಡಿದರು. 1980ರಲ್ಲಿ ಮುಂಬಯಿಯ ಜಾಜ್ ಯಾತ್ರಾ ಉತ್ಸವದಲ್ಲಿ ನುಡಿಸಿದರು. ಇಬ್ಬರೂ ಎದುರುಬದುರು ದಾರಿಯಲ್ಲಿ ನಡೆದು ಒಂದೇ ಜಾಗಕ್ಕೆ ಬಂದವರು.

ಆ ಜಾಗದ ಹೆಸರೇ ಮನೋಧರ್ಮ. ಜಾಜ್ ಎಂದರೆ ಮನಸ್ಸಿಗೆ ತೋಚಿದ್ದನ್ನು ಬಾರಿಸುವುದು ಎಂಬ ತಪ್ಪು ತಿಳುವಳಿಕೆ ನಮ್ಮಲ್ಲಿದೆ. ಹಾಗಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಹಾಡು, ಸುತ್ತಿ ಸುತ್ತಿ ಬರುವ ಅದರ ಸ್ವರಮೇಳ. ಅದರ ಮೇಲೆ ಒಬ್ಬ ಕಟ್ಟುತ್ತಾನೆ, ಉಳಿದವರು ಕಿವಿಗೊಟ್ಟು ಒತ್ತಾಸೆ ಕೊಡುತ್ತಾರೆ, ಕೆಣಕುತ್ತಾರೆ, ಜಾಗ ಬಿಡುತ್ತಾರೆ. ಒಬ್ಬ ಕರೆದರೆ ಗುಂಪು ಓಗೊಡುವ ಈ ಪದ್ಧತಿಯನ್ನು ಅಮೆರಿಕದ ಕರಿಯ ಜನ ಹೊಲದ ದುಡಿಮೆಯಲ್ಲಿ, ಚರ್ಚುಗಳಲ್ಲಿ ಬೆಳೆಸಿದರು. ಬೇರೆಡೆ ಬಾಯಿ ತೆರೆಯಲು ಬಿಡದ ಸಮಾಜದಲ್ಲಿ ಪ್ರತಿಯೊಬ್ಬನ ಮಾತಿಗೂ ಸರದಿ ಸಿಗುವ ಜಾಗ ಅದು.

ನಮಗೂ ಇದು ಹೊಸದೇನಲ್ಲ. ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಗೊತ್ತುಪಡಿಸಿದ್ದು, ಅರ್ಥ ಮಾತ್ರ ಆಗಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೇಳಿದವರಿಗೆ ಗೊತ್ತು: ಎದುರಾಳಿಯ ಮಾತನ್ನು ಪೂರ್ತಿ ಕೇಳದವನು ಅಲ್ಲಿ ಉತ್ತರ ಕೊಡಲಾರ.

'ಜ್ಯೋತಿ'ಯ ಹೆಚ್ಚುಗಾರಿಕೆ ಈ ಕೇಳುವಿಕೆಯಲ್ಲಿದೆ. ಪಿಯಾನೊ ಇಲ್ಲ, ಪಾಶ್ಚಾತ್ಯ ಡ್ರಮ್ಮೂ ಇಲ್ಲ. ಆರಂಭವೇ ರಮಾಮಣಿಯವರ ದನಿಯಿಂದ. ಸ್ಯಾಕ್ಸೊಫೋನ್ ಬಂದಾಗ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ಅತಿಥಿಯಂತೆ ಬರುತ್ತದೆ. ನನ್ನ ತಕರಾರೂ ಇಲ್ಲೇ ಇದೆ. ಅತಿಥಿ ಕೆಲವೆಡೆ ತೀರ ಸಂಕೋಚ ಪಡುತ್ತಾರೆ. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಜೊತೆ ಅಷ್ಟು ಬಿರುಸಾಗಿ ನುಡಿಸಿದ್ದ ಮರಿಯಾನೊ ಇಲ್ಲಿ ಇನ್ನಷ್ಟು ವಾದಕ್ಕಿಳಿಯಬಹುದಿತ್ತು, ಮನೆಯವರು ಬೇಸರಿಸುತ್ತಿರಲಿಲ್ಲ. ಆದರೂ ಎಲೆಕ್ಟ್ರಾನಿಕ್ ತಾಳದ ಮೇಲೆ ತಬಲ ಅಂಟಿಸಿ 'ಫ್ಯೂಷನ್' ಎಂದು ಕರೆಯುವುದಕ್ಕಿಂತ ಈ ಸಂಕೋಚ ಎಷ್ಟೋ ಮೇಲು.

ಟ್ರ್ಯಾಕ್ ಬೇಡವೆಂದು ನಾನು ಹೇಳುತ್ತಿಲ್ಲ. ಸಭಾಂಗಣದ ಬಾಡಿಗೆ, ಭಾನುವಾರದ ಗಡಿಬಿಡಿ, ಮಕ್ಕಳ ಪರೀಕ್ಷೆ ಎಲ್ಲವೂ ನನಗೂ ಗೊತ್ತು. ಆದರೆ ಸಿಂಗಪುರದಲ್ಲಿ ಕಲಿಸುವವರಿಗೆ ಕೊರತೆಯಿಲ್ಲ. ಇಲ್ಲಿನ ಇಂಡಿಯನ್ ಫೈನ್ ಆರ್ಟ್ಸ್ ಸೊಸೈಟಿ 1949ರಿಂದ ಇದೆ. ನಮ್ಮ ಮಕ್ಕಳು ಅಲ್ಲೂ ಬೇರೆಡೆಯೂ ಸ್ವರ, ತಾಳ ಕಲಿಯುತ್ತಾರೆ. ನಮ್ಮ ವೇದಿಕೆಗೆ ಬಂದಾಗ ಮಾತ್ರ ಯಂತ್ರದ ಹಿಂದೆ ಓಡುತ್ತಾರೆ.

ಯುಗಾದಿಗೆ ಒಂದೇ ಒಂದು ಹಾಡನ್ನಾದರೂ ಟ್ರ್ಯಾಕ್ ಇಲ್ಲದೆ ಇಟ್ಟುಕೊಳ್ಳೋಣ. ಒಂದು ತಂಬೂರಿ, ಒಂದು ಮೃದಂಗ ಸಾಕು. ಮಗು ಸಾಲು ಮರೆತರೆ ಮೃದಂಗದವರು ಇನ್ನೊಂದು ಆವರ್ತ ನುಡಿಸುತ್ತ ಕಾಯುತ್ತಾರೆ. ಬಾರಿಸಬಲ್ಲವರು ನಮ್ಮಲ್ಲೇ ಇಬ್ಬರು ಮೂವರು ಇದ್ದೀರಿ. ದಯವಿಟ್ಟು ಸಂಕೋಚ ಬಿಟ್ಟು ಹೆಸರು ಕೊಡಿ. ನನ್ನ ಮಗಳು ಆ ಹಾಡನ್ನು ಮತ್ತೆ ಹಾಡಲು ಒಪ್ಪಿದ್ದಾಳೆ.