ಬೊಲ್ಲಿಂಗೆನ್ನಿನ ಕಲ್ಲು : ಯೂಂಗನ ಆಟ ಮತ್ತು ಸಾಧನೆ

ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರಲ್ಲಿ ಅಗ್ರಪಂಕ್ತಿಯವನಾದ ಕಾರ್ಲ್ ಗುಸ್ಟಾವ್ ಯೂಂಗನ (1875–1961) ಹೆಸರು ವಚನ ಸಾಹಿತ್ಯವನ್ನು ಕುರಿತ ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುವುದುಂಟು. ಆತನ ಆತ್ಮಕಥೆಯಲ್ಲಿ ಬರುವ ಕಲ್ಲಿನ ಪ್ರಸಂಗಗಳನ್ನೆತ್ತಿಕೊಂಡು, ಇದೇ ಇಷ್ಟಲಿಂಗತತ್ತ್ವ, ಇದೇ ಕಾಯಕವೆಂದು ಸಾರುವ ಉತ್ಸಾಹಿಗಳೂ ಇದ್ದಾರೆ. ಹೊರನಾಡಿನ ಹಿರಿಯನೊಬ್ಬನ ಬಾಳು ನಮ್ಮ ಮಾತಿಗೆ ಸಾಕ್ಷಿಯಾಗಿ ದೊರೆತಾಗ ಹಿಗ್ಗುವುದು ಸಹಜವೇ ಸರಿ. ಆದರೆ ಆ ಹಿಗ್ಗಿನಲ್ಲಿ ಆತನ ಗ್ರಂಥವನ್ನೂ ಸರಿಯಾಗಿ ಓದದೆ, ನಮ್ಮ ಗ್ರಂಥಗಳನ್ನೂ ಸರಿಯಾಗಿ ಓದದೆ ಹೋಗುವ ಅಪಾಯವಿದೆ. ಆದಕಾರಣ ಆ ಪ್ರಸಂಗಗಳನ್ನು ಅವು ನಡೆದ ಕ್ರಮದಲ್ಲಿಯೇ ಇರಿಸಿಕೊಂಡು ಪರಿಶೀಲಿಸುವುದು ಯುಕ್ತವಾಗಿದೆ.

ಮೊದಲು ಗ್ರಂಥದ ಮಾತು. 'ನೆನಪುಗಳು, ಕನಸುಗಳು, ಚಿಂತನೆಗಳು' ಎಂದು ಕನ್ನಡಿಸಬಹುದಾದ ಈ ಕೃತಿ ಜರ್ಮನ್ ಭಾಷೆಯಲ್ಲಿ 1962ರಲ್ಲಿ, ಇಂಗ್ಲಿಷಿನಲ್ಲಿ 1963ರಲ್ಲಿ, ಎಂದರೆ ಯೂಂಗನು ತೀರಿಕೊಂಡ ಮೇಲೆ ಪ್ರಕಟವಾಯಿತು. ಬಾಲ್ಯ ಮತ್ತು ವಿದ್ಯಾರ್ಥಿದೆಸೆಯ ಅಧ್ಯಾಯಗಳನ್ನು ಆತನೇ ಬರೆದನು. ಮಿಕ್ಕವುಗಳಲ್ಲಿ ಬಹುಭಾಗ 1957ರಿಂದ ಆತನೊಡನೆ ನಡೆದ ಸಂಭಾಷಣೆಗಳನ್ನಾಧರಿಸಿ ಅನಿಯೆಲಾ ಯಾಫೆ ಸಂಕಲಿಸಿದ್ದು. ಎಂಬತ್ತು ದಾಟಿದ ವೃದ್ಧನು ತನ್ನ ಬಾಳಿಗೆ ಒಂದು ಅರ್ಥವನ್ನು ಕಂಡುಕೊಂಡ ಬಳಿಕ ಆಡಿದ ಮಾತುಗಳಿವು. ಘಟನೆ ಯಾವುದು, ಅದಕ್ಕೆ ಅನಂತರ ಕಟ್ಟಿದ ಅರ್ಥ ಯಾವುದು ಎಂಬುದನ್ನು ಓದುಗನು ಬಿಡಿಸಿಕೊಳ್ಳಬೇಕಾಗುತ್ತದೆ.

ಬಾಸೆಲ್ ನಗರದ ಬಳಿಯ ಕ್ಲೈನ್ ಹ್ಯೂನಿಂಗೆನ್ ಎಂಬ ಊರಿನಲ್ಲಿ ಪಾದ್ರಿಯ ಮಗನಾದ ಯೂಂಗನು ಹತ್ತರ ವಯಸ್ಸಿನ ಆಸುಪಾಸಿನಲ್ಲಿ ತನ್ನ ಅಳತೆಪಟ್ಟಿಯ ತುದಿಯನ್ನು ಕೆತ್ತಿ ಎರಡಂಗುಲದ ಬೊಂಬೆಯೊಂದನ್ನು ಮಾಡಿದನು. ಅದಕ್ಕೊಂದು ಉಣ್ಣೆಯ ಅಂಗಿ ತೊಡಿಸಿ ಪೆನ್ಸಿಲ್ ಪೆಟ್ಟಿಗೆಯಲ್ಲಿ ಮಲಗಿಸಿದನು. ರೈನ್ ನದಿಯಿಂದ ತಂದ ನೀಳವಾದ, ನುಣುಪಾದ ಕರಿಗಲ್ಲೊಂದಕ್ಕೆ ಬಣ್ಣ ಬಳಿದು ಬೊಂಬೆಯ ಪಕ್ಕದಲ್ಲಿಟ್ಟನು. ಪೆಟ್ಟಿಗೆಯನ್ನು ಅಟ್ಟದ ತೊಲೆಯ ಮೇಲೆ ಬಚ್ಚಿಟ್ಟು, ಮನಸ್ಸು ನೊಂದಾಗಲೆಲ್ಲ ಅದನ್ನು ನೆನೆದು ಸಮಾಧಾನ ಹೊಂದುತ್ತಿದ್ದನು. ಸುಮಾರು ಒಂದು ವರ್ಷದ ಅನಂತರ ಅದನ್ನು ಮರೆತೇಬಿಟ್ಟನು.

ಇಷ್ಟಲಿಂಗದ ಹೋಲಿಕೆಯನ್ನು ತರುವವರು ತರುವುದು ಈ ಸ್ಥಳದಲ್ಲಿ. ಈ ಹೋಲಿಕೆ ನಿಲ್ಲಲಾರದು. ಇಷ್ಟಲಿಂಗವು ಗುರುವಿನಿಂದ ಬಂದುದು, ಅಂಗದ ಮೇಲೆ ಸದಾ ಇರತಕ್ಕದ್ದು, ಕರಸ್ಥಲದಲ್ಲಿಟ್ಟು ನಿತ್ಯವೂ ನೋಡತಕ್ಕದ್ದು. ಹುಡುಗನ ಕಲ್ಲು ತಾನೇ ಆಯ್ದದ್ದು, ಅಟ್ಟದಲ್ಲಿ ಅಡಗಿದ್ದು, ಯಾರಿಗೂ ಹೇಳಬಾರದ್ದು. ಅದರ ಬಲವೆಲ್ಲ ಇದ್ದುದು ಗುಟ್ಟಿನಲ್ಲಿ. ಎರಡೂ ಕಲ್ಲೆಂಬುದೊಂದೇ ಸಾಮ್ಯವಾದರೆ ಬೀಸುವ ಕಲ್ಲನ್ನೂ ಈ ಸಾಲಿಗೆ ಸೇರಿಸಬೇಕಾದೀತು!

ಹೆಚ್ಚು ಬೆಲೆಯುಳ್ಳದ್ದು ಎರಡನೆಯ ಪ್ರಸಂಗ. 1912–13ರ ವೇಳೆಗೆ ಫ್ರಾಯ್ಡನೊಡನೆ ಯೂಂಗನ ಸಂಬಂಧ ಕಡಿದುಹೋಯಿತು. ತಾನು ನಂಬಿದ್ದ ಶಾಸ್ತ್ರ ಕೈಬಿಟ್ಟಿತು. ಹೊಸದು ಕೈಗೆ ಬಂದಿರಲಿಲ್ಲ. ಆಗ ಆತನಿಗೆ ಬಾಲ್ಯದಲ್ಲಿ ಕಲ್ಲುಗಳಿಂದ ಪುಟ್ಟ ಮನೆಗಳನ್ನು ಕಟ್ಟುತ್ತಿದ್ದ ಆಟ ನೆನಪಾಯಿತು. ಆ ನೆನಪಿನೊಡನೆ ಉಕ್ಕಿದ ಭಾವವನ್ನು ಕಂಡು, ಆ ಹುಡುಗನಲ್ಲಿ ಇನ್ನೂ ಜೀವವಿದೆ, ತನ್ನಲ್ಲಿ ಅದು ಬತ್ತಿದೆ ಎಂದು ಬಗೆದು, ಮತ್ತೆ ಅದೇ ಆಟಕ್ಕೆ ಕುಳಿತನು. ಮೂವತ್ತೇಳು ಮೂವತ್ತೆಂಟರ, ಹೆಂಡತಿ ಮಕ್ಕಳೊಂದಿಗ, ಹೆಸರಾಂತ ವೈದ್ಯನು ಮಧ್ಯಾಹ್ನದ ಊಟವಾದೊಡನೆ ಜ್ಯೂರಿಕ್ ಸರೋವರದ ದಂಡೆಗೆ ಬಂದು ಕಲ್ಲು ಆಯ್ದು ಗುಡಿಸಲು, ಕೋಟೆ, ಒಂದು ಹಳ್ಳಿಯನ್ನೇ ಕಟ್ಟುವುದು. ರೋಗಿಗಳು ಬರುವ ಹೊತ್ತಿಗೆ ಎದ್ದುಹೋಗುವುದು. ಸಂಜೆ ಬಿಡುವಾದರೆ ಮತ್ತೆ ಬಂದು ಕೂಡುವುದು. ಇದಕ್ಕೆ ಒಡಂಬಡಲು ತನಗೆ ಎಷ್ಟು ನಾಚಿಕೆಯಾಯಿತೆಂಬುದನ್ನು ಯೂಂಗನು ಮರೆಮಾಚಿಲ್ಲ. ಹಳ್ಳಿಗೆ ಒಂದು ಚರ್ಚನ್ನೂ ಕಟ್ಟಿದನು. ಆದರೆ ಒಳಗೆ ವೇದಿಕೆಯನ್ನಿಡಲು ಕೈ ಬರಲಿಲ್ಲ. ಒಂದು ದಿನ ದಂಡೆಯಲ್ಲಿ ಒಂದೂವರೆ ಅಂಗುಲ ಎತ್ತರದ, ನಾಲ್ಕು ಮುಖಗಳ, ಶಿಖರಾಕಾರದ ಕೆಂಪು ಕಲ್ಲೊಂದು ಸಿಕ್ಕಿತು. ಅದೇ ವೇದಿಕೆಯಾಯಿತು.

ಮೂವತ್ತಕ್ಕೂ ಮಿಕ್ಕಿ ವರ್ಷ ಪಾಠಶಾಲೆಯಲ್ಲಿ ಕಳೆದವನಿಗೆ ಮಕ್ಕಳ ಆಟ ಹೊಸದಲ್ಲ. ಒದ್ದೆ ಮರಳಿನಲ್ಲಿ ಪಾದ ಹೂತು ಗೂಡು ಮಾಡುವ ಮಗು ಅದು ಏತಕ್ಕೆಂದು ಕೇಳುವುದಿಲ್ಲ. ಗಂಟೆ ಹೊಡೆದರೆ ಬಿಟ್ಟು ಓಡುತ್ತದೆ. ವಯಸ್ಕನಿಗೆ ಇವೆರಡೂ ದುಸ್ಸಾಧ್ಯ. ಯೂಂಗನು ಆ ದಂಡೆಯಲ್ಲಿ ಮಾಡಿದುದನ್ನು ಸಾಧನೆಯೆನ್ನಲು ನನಗೆ ಸಂಕೋಚವಿಲ್ಲ. ಅದು ಸಾಧನೆಯಾದುದು ಕಲ್ಲುಗಳು ಯಾವುದರದೋ ಸಂಕೇತವಾದ್ದರಿಂದಲ್ಲ. ಹೊತ್ತು ತಪ್ಪದೆ, ಫಲ ಕಾಣದೆ, ತನ್ನ ಹಿರಿಮೆಯನ್ನು ಪಕ್ಕಕ್ಕಿಟ್ಟು ಕುಳಿತದ್ದರಿಂದ. ನಮ್ಮ ಶಾಸ್ತ್ರಗ್ರಂಥಗಳ 'ಲೀಲೆ' ಎಂಬ ಶಬ್ದವನ್ನು ಇಲ್ಲಿಗೆ ಎಳೆದು ತರುವುದು ಸಲ್ಲದು. ಅದು ಪೂರ್ಣನಾದವನ ಆಟ. ಇದು ಬತ್ತಿದವನ ಆಟ.

ಆದರೆ ಗ್ರಂಥವು ಇಲ್ಲಿಗೇ ನಿಲ್ಲುವುದಿಲ್ಲ. ಕಲ್ಲು ಕೆತ್ತುವುದು, ಚಿತ್ರ ಬರೆಯುವುದು ಮುಂದೆ ಬರಲಿದ್ದ ವಿಚಾರಗಳಿಗೂ ಬರಹಗಳಿಗೂ ಪ್ರವೇಶದ್ವಾರವಾಯಿತೆಂದೂ, 1955ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಮಾಡಿದ ಕೆತ್ತನೆಗಳಿಂದಲೇ 1957ರ ತನ್ನ ಬರಹಗಳು ಹುಟ್ಟಿದವೆಂದೂ ಯೂಂಗನು ಹೇಳುತ್ತಾನೆ. ಇದು ನಿಜವಿದ್ದೀತು. ಆದರೆ ಹೀಗೆ ಹೇಳಿದೊಡನೆ ಆಟವು ಗ್ರಂಥಕ್ಕೆ ಮೆಟ್ಟಿಲಾಯಿತು. ಆ ಬಳಿಕ ಮರಳಿನ ತೊಟ್ಟಿಯಲ್ಲಿ ಬೊಂಬೆಗಳನ್ನಿಡಿಸಿ ಮನೋರೋಗವನ್ನು ಕಾಣುವ ಪದ್ಧತಿಯನ್ನು ಆತನ ಬಳಗದ ಡೋರಾ ಕಾಲ್ಫ್ ರೂಪಿಸಿದರು. ಚಿಕಿತ್ಸೆಯಾಗಿ ಅದಕ್ಕೆ ಬೆಲೆಯಿದೆ. ಚಿಕಿತ್ಸೆ ಬೇರೆ, ಸಾಧನೆ ಬೇರೆ.

ಇನ್ನು ಬೊಲ್ಲಿಂಗೆನ್. ತಾಯಿ ತೀರಿಕೊಂಡ 1923ರಲ್ಲಿಯೇ ಯೂಂಗನು ಸರೋವರದ ಮೇಲಣ ದಂಡೆಯ ಆ ಊರಿನಲ್ಲಿ ಕಲ್ಲಿನ ಗೋಪುರವೊಂದನ್ನು ಕಟ್ಟತೊಡಗಿದನು. ಮೂರು ದಶಕಗಳಲ್ಲಿ ಅದು ಭಾಗಭಾಗವಾಗಿ ಬೆಳೆಯಿತು. 1950ರಲ್ಲಿ ತೋಟದ ಗೋಡೆಗೆಂದು ಕಲ್ಲು ತರಿಸಿದಾಗ, ಮೂಲೆಗೆ ಬೇಕಾದ ತ್ರಿಕೋನಾಕಾರದ ಕಲ್ಲಿಗೆ ಬದಲಾಗಿ ಸುಮಾರು ಇಪ್ಪತ್ತು ಅಂಗುಲದ ಚೌಕನೆಯ ದಿಂಡೊಂದು ದೋಣಿಯಲ್ಲಿ ಬಂದಿಳಿಯಿತು. ಕಟ್ಟಡದ ಮೇಸ್ತ್ರಿ ಕೆರಳಿ ಅದನ್ನು ಹಿಂದಕ್ಕೆ ಒಯ್ಯಹೇಳಿದನು. ಯೂಂಗನು ಅದು ತನಗೇ ಬಂದ ಕಲ್ಲೆಂದು ಇರಿಸಿಕೊಂಡನು. ನಮ್ಮ ಉಪನ್ಯಾಸಕರು ಈ ಸ್ವೀಕಾರವನ್ನು ಕೊಂಡಾಡುತ್ತಾರೆ. ಮೇಸ್ತ್ರಿಯ ಸಿಟ್ಟನ್ನೂ ನೋಡಬೇಕು. ಅಳತೆಯೇ ಅವನ ಅನ್ನ. ಅಳತೆ ತಪ್ಪಿದ್ದು ಅವನಿಗೆ ಪ್ರಸಾದವಾಗಲಾರದು. ಕಾಯಕವೆಂಬ ಶಬ್ದ ಸಲ್ಲುವುದಾದರೆ ಮೊದಲು ಸಲ್ಲುವುದು ಆ ಮೇಸ್ತ್ರಿಗೆ. ಉಣ್ಣುವ ಚಿಂತೆಯಿಲ್ಲದ ಬಿಡುವಿನಲ್ಲಿ ಮಾಡಿದ, ದಾಸೋಹದಲ್ಲಿ ಮುಗಿಯದ ಕೆಲಸ ಎಷ್ಟೇ ಘನವಾದರೂ ಶರಣರ ಪರಿಭಾಷೆಯಲ್ಲಿ ಕಾಯಕವಲ್ಲ.

ಆ ಕಲ್ಲಿನ ಒಂದು ಮುಖದಲ್ಲಿ, ಮೂಢರು ಹಳಿಯುವ ಅಗ್ಗದ ಕಲ್ಲನ್ನು ಕುರಿತ ರಸವಾದಿಯೊಬ್ಬನ ಲ್ಯಾಟಿನ್ ಪದ್ಯವನ್ನು ಯೂಂಗನು ಕೆತ್ತಿದನು. ಇನ್ನೊಂದರಲ್ಲಿ ಸಹಜವಾಗಿಯೇ ಕಣ್ಣಿನಂತೆ ಕಂಡ ಸಣ್ಣ ವೃತ್ತವೊಂದನ್ನು ಅನುಸರಿಸಿ, ಅದರೊಳಗೆ ಮುಸುಕು ಹೊದ್ದು ದೀಪ ಹಿಡಿದ ಟೆಲೆಸ್ಫೋರಸ್ ಎಂಬ ಪುಟ್ಟ ದೇವತೆಯನ್ನು ಕಂಡರಿಸಿದನು. ಅಟ್ಟದ ಬೊಂಬೆಯೇ ಇಲ್ಲಿ ಮರಳಿ ಬಂದಂತಿದೆ. ಸುತ್ತಲೂ ಗ್ರೀಕ್ ಭಾಷೆಯಲ್ಲಿ ಬರೆಹವಿದೆ. ಅದರಲ್ಲಿ ಕಾಲವನ್ನು ಆಟವಾಡುವ ಮಗುವಿಗೆ ಹೋಲಿಸುವ ಹೆರಾಕ್ಲೈಟಸನ ಪ್ರಾಚೀನ ಉಕ್ತಿ ಸೇರಿದೆ. ಮೂಲದ ಶಬ್ದ ಸೂಚಿಸುವುದು ಓಡಾಟದ ಆಟವನ್ನಲ್ಲ. ನಮ್ಮ ಪಗಡೆ ಚೌಕಾಬಾರಗಳಂತೆ ಕಾಯಿ ನಡೆಸುವ ಆಟವನ್ನು. ನಿಯಮವುಳ್ಳ ಆಟ, ಗೆಲವು ಸೋಲುಗಳುಳ್ಳ ಆಟ. ಎಪ್ಪತ್ತೈದು ತುಂಬಿದ ವರ್ಷ ಇದನ್ನು ಉಳಿಯಿಂದ ಕೊರೆದವನಿಗೆ ತಾನು ಆಡುವವನಲ್ಲ, ನಡೆಸಲ್ಪಟ್ಟ ಕಾಯಿ ಎಂಬ ಅರಿವು ಬಂದಿದ್ದಿರಬೇಕೆಂದು ನನ್ನ ಊಹೆ. ಇಡೀ ಗ್ರಂಥದಲ್ಲಿ ನಾನು ತಲೆಬಾಗುವುದು ಈ ಎಡೆಯಲ್ಲಿ.

ಹಾಗಾದರೆ ಕೊರತೆಯೆಲ್ಲಿ? ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೊನ್ನಲಿಗೆಯಲ್ಲಿ ಕೆರೆ ಕಟ್ಟೆ ಗುಡಿಗಳನ್ನು ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಕಲ್ಲುಮಣ್ಣಿನ ಕೆಲಸದವನೆಂದು ಹಂಗಿಸಿ ಕರೆಯುತ್ತಾನೆ. ಸಿಟ್ಟಿಗೆದ್ದ ಜನ ಪ್ರಭುವಿನ ಮೇಲೆ ಕಲ್ಲು ಬೀರುತ್ತಾರೆ. ಕಲ್ಲುಗಳು ಆತನಿಗೆ ತಾಗುವುದಿಲ್ಲ. ಪ್ರಭು ಹಳಿದುದು ಕಲ್ಲನ್ನಲ್ಲ, ಕೆರೆಯನ್ನೂ ಅಲ್ಲ, ಮಾಡಿದೆನೆಂಬ ಅಹಂಭಾವವನ್ನು. ಆ ಹಂಗಿಸುವಿಕೆಯಿಂದಲೇ ಸಿದ್ಧರಾಮನು ಕಲ್ಯಾಣದ ಹಾದಿ ಹಿಡಿದನು. ಬೊಲ್ಲಿಂಗೆನ್ನಿಗೆ ಅಂತಹ ಅತಿಥಿ ಬರಲಿಲ್ಲ. ಬರದಂತೆ ಯೂಂಗನೇ ನೋಡಿಕೊಂಡನೆಂದರೂ ಸಲ್ಲುತ್ತದೆ. 1937–38ರಲ್ಲಿ ಭಾರತಕ್ಕೆ ಬಂದಾಗ ಆತನು ಮೈಸೂರಿನಲ್ಲಿಯೂ ಅತಿಥಿಯಾಗಿದ್ದು, ಮಹಾರಾಜರ ಗುರುಗಳೆನಿಸಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಚರ್ಚಿಸಿದನು. ಆದರೆ ಸಂತರನ್ನು ಕಾಣುವುದನ್ನು ಬೇಕೆಂದೇ ತಪ್ಪಿಸಿದನು. ಅವರಿಂದ ಸತ್ಯವನ್ನು ಪಡೆಯುವುದು ಕದ್ದಂತಾಗುತ್ತದೆ, ತನ್ನ ಸತ್ಯದಿಂದಲೇ ತಾನು ಬಾಳಬೇಕು ಎಂಬುದು ಆತನ ನಿಲುವು. ಇದರಲ್ಲಿ ಪ್ರಾಮಾಣಿಕತೆಯುಂಟು, ಗೌರವಿಸಬೇಕಾದ್ದೇ. ಆದರೆ ತನ್ನ ಆಟಕ್ಕೆ ತಾನೇ ಸಾಕ್ಷಿ, ತಾನೇ ತೀರ್ಪುಗಾರನಾದವನನ್ನು ಅನುಭವಮಂಟಪದ ಪರಂಪರೆಯಲ್ಲಿ ಕೂಡಿಸುವುದು ಅವನಿಗೂ ನ್ಯಾಯವಲ್ಲ, ಮಂಟಪಕ್ಕೂ ನ್ಯಾಯವಲ್ಲ.

ಕಡೆಯದಾಗಿ ಒಂದು ವಿವರ. ಕಲ್ಲಿನ ಮೂರು ಮುಖಗಳಲ್ಲಿ ಮಾತ್ರ ಕೆತ್ತನೆಯಿದೆ. ಹಿಂಬದಿಯ ಮುಖದಲ್ಲಿ, ಕಾಡಿನಲ್ಲಿ ಕಣ್ಮರೆಯಾದ ಮೇಲೂ ಜನರಿಗೆ ಕೇಳಿಸುತ್ತಿದ್ದ, ಅರ್ಥ ಮಾತ್ರ ಆಗದಿದ್ದ ಮರ್ಲಿನ್ ಎಂಬ ಮಾಂತ್ರಿಕನ ಕೂಗನ್ನು ಕುರಿತು ಎರಡು ಮಾತು ಕೊರೆಯಬೇಕೆಂದು ಯೂಂಗನು ಎಣಿಸಿದ್ದನು. ಕೊರೆಯಲಿಲ್ಲ. ಆ ಮುಖ ಬರಿದಾಗಿಯೇ ಉಳಿಯಿತು. ನಾನು ಕೇಳಿದ ಉಪನ್ಯಾಸಗಳಲ್ಲಿ ಮೊದಲ ಮೂರು ಮುಖಗಳ ವರ್ಣನೆ ಬಂದಿದೆ. ನಾಲ್ಕನೆಯದರ ಪ್ರಸ್ತಾಪ ಒಮ್ಮೆಯೂ ಬಂದಿಲ್ಲ.