ಡಿಸಿಎಸ್ ವರ್ಲ್ಡ್: ಜೊತೆಗಾರರಿದ್ದರೆ ಮೇಲೇಳುವ ವಿಮಾನ

ಮೊಬೈಲಿನಲ್ಲಿ ಯುದ್ಧವಿಮಾನ ಹಾರಿಸುವುದು ಕಷ್ಟವಲ್ಲ. ನಮ್ಮ ವಾಯುಪಡೆಯೇ 2019ರ ಜುಲೈ 31ರಂದು ‘ಇಂಡಿಯನ್ ಏರ್ ಫೋರ್ಸ್: ಎ ಕಟ್ ಅಬವ್’ ಎಂಬ ಆಟ ಬಿಡುಗಡೆ ಮಾಡಿತು. ಹುಡುಗರಲ್ಲಿ ವಾಯುಪಡೆ ಸೇರುವ ಆಸೆ ಹುಟ್ಟಿಸುವುದು ಅದರ ಉದ್ದೇಶ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ವಿಮಾನದ ಎಂಜಿನ್ ಚಾಲೂ ಆಗುವುದು ಹೇಗೆ ಎಂಬುದು ಅದನ್ನು ಆಡಿದವರಿಗೆ ಗೊತ್ತಾಗುವುದಿಲ್ಲ. ಈಗಲ್ ಡೈನಮಿಕ್ಸ್ ಸಂಸ್ಥೆಯ ‘ಡಿಸಿಎಸ್ ವರ್ಲ್ಡ್’ ಶುರುವಾಗುವುದೇ ಅಲ್ಲಿಂದ. ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಕಾಣುವುದು ನಿಂತ ವಿಮಾನ, ಆರಿದ ದೀಪಗಳು, ಅಲುಗದ ಮುಳ್ಳುಗಳು. ಅಲ್ಲಿಂದ ಮುಂದಿನದೆಲ್ಲ ನಿಮ್ಮ ಕೈಯಲ್ಲಿ.

ಮೂಲ ಆಟಕ್ಕೆ ದುಡ್ಡಿಲ್ಲ. ಕಾಕಸಸ್ ಮತ್ತು ಮರಿಯಾನಾ ನಕಾಶೆಗಳ ಜೊತೆಗೆ ಎರಡು ವಿಮಾನಗಳು ಪುಕ್ಕಟೆ ಸಿಗುತ್ತವೆ. ಒಂದು ರಷ್ಯದ ಸುಖೋಯ್-25ಟಿ. ಇನ್ನೊಂದು ಎರಡನೇ ಮಹಾಯುದ್ಧದ ಮಸ್ಟಾಂಗಿನ ನಿರಾಯುಧ ರೂಪವಾದ ಟಿಎಫ್-51ಡಿ. ನನ್ನ ಮಟ್ಟಿಗೆ ಈ ಆಟದ ನಿಜವಾದ ಗುರು ಈ ಮಸ್ಟಾಂಗ್. ರನ್‌ವೇ ಮೇಲೆ ಥ್ರಾಟಲನ್ನು ಒಮ್ಮೆಗೇ ಮುಂದೆ ತಳ್ಳಿದಿರೋ, ಮೂತಿ ಎಡಕ್ಕೆ ಎಳೆಯುತ್ತದೆ, ರೆಕ್ಕೆ ನೆಲಕ್ಕೆ ಬಡಿಯುತ್ತದೆ. ಪ್ರೊಪೆಲ್ಲರ್ ಬಲಕ್ಕೆ ತಿರುಗುವಾಗ ವಿಮಾನ ಎಡಕ್ಕೆ ಹೊರಳಲು ನೋಡುತ್ತದೆ. ಆ ಎಳೆತವನ್ನು ಇಲ್ಲಿ ಮುಚ್ಚಿಟ್ಟಿಲ್ಲ. ರಡ್ಡರ್ ಟ್ರಿಮ್ ಮೊದಲೇ ಬಲಕ್ಕೆ ಕೊಡಬೇಕು. ಸ್ಟಿಕ್ ಹಿಂದಕ್ಕೆ ಹಿಡಿದರೆ ಬಾಲದ ಗಾಲಿ ಬಿಗಿಯಾಗುತ್ತದೆ. ಆಮೇಲೆ ಥ್ರಾಟಲ್ ನಿಧಾನ, ಬಲಗಾಲು ಪೆಡಲ್ ಮೇಲೆ ಎಚ್ಚರ. ಹೀಗೆ ನೆಲ ಬಿಟ್ಟಾಗ ಆಗುವ ಸಂತೋಷ ನೂರು ಶತ್ರುಗಳನ್ನು ಉರುಳಿಸುವ ಆಟದಲ್ಲೂ ಸಿಗುವುದಿಲ್ಲ.

ಇಷ್ಟು ಆಳವಾದ ಆಟ ಕಲಿಸುವುದರಲ್ಲಿ ಮಾತ್ರ ಸೋತಿದೆ. ಒಂದೊಂದು ವಿಮಾನಕ್ಕೂ ನೂರಾರು ಪುಟಗಳ ಇಂಗ್ಲಿಷ್ ಕೈಪಿಡಿ. ಅಭ್ಯಾಸದ ಪಾಠಗಳು ಗುಂಡಿ ಎಲ್ಲಿದೆ ಎಂದು ತೋರಿಸುತ್ತವೆ, ಅದನ್ನು ಯಾಕೆ ಒತ್ತಬೇಕು ಎಂದು ಹೇಳುವುದು ಅಪರೂಪ. ಸಾರ್ವಜನಿಕ ಸರ್ವರ್‌ಗೆ ಹೋದರೆ ಮೊದಲ ದಿನವೇ ವರ್ಷಗಟ್ಟಲೆ ಹಾರಿಸಿದವರ ಎದುರು ನಿಲ್ಲಬೇಕು. ನಮ್ಮ ಭಾಗದ ಗರಡಿಮನೆಯ ವಸ್ತಾದ ಹಾಗೆ ಮಾಡುವುದಿಲ್ಲ. ಹೊಸಬನಿಂದ ಮೊದಲು ಸಾಮು ಮಾಡಿಸುತ್ತಾನೆ, ಸರಿಜೋಡಿ ನೋಡಿ ಕಣಕ್ಕೆ ಇಳಿಸುತ್ತಾನೆ. ಡಿಸಿಎಸ್‌ನಲ್ಲಿ ಆ ವಸ್ತಾದನ ಜಾಗ ಖಾಲಿ ಇದೆ. ಅದನ್ನು ತುಂಬಬೇಕಾದವರು ಜೊತೆಗಾರರೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಹಂಚಿಹೋದ ನಮ್ಮ ಸಣ್ಣ ಗುಂಪಿನಲ್ಲಿ ಇದನ್ನು ಕಂಡಿದ್ದೇನೆ. ಸುಖೋಯ್-25ಟಿ ಟ್ಯಾಂಕ್ ಹೊಡೆಯುವ ವಿಮಾನ. ಅದರ ವಿಖ್ರ್ ಕ್ಷಿಪಣಿ ಗುರಿ ಮುಟ್ಟುವ ತನಕ ಲೇಸರ್ ಹಿಡಿದೇ ಇರಬೇಕು. ಅಷ್ಟು ಹೊತ್ತು ಪೈಲಟ್‌ನ ಕಣ್ಣು ಚಿಕ್ಕ ಪರದೆಗೆ ಅಂಟಿರುತ್ತದೆ. ಕೆಳಗಿನಿಂದ ಏಳುವ ಶತ್ರು ಕ್ಷಿಪಣಿಯ ಹೊಗೆಯ ಗೆರೆಯನ್ನು ನೋಡುವವರು ಯಾರು? ಪಕ್ಕದಲ್ಲಿ ಹಾರುವವನು. ಒಬ್ಬನೇ ಆಡಿದಾಗ ಈ ವಿಮಾನ ಅರ್ಧವೇ ಅರ್ಥವಾಗುತ್ತದೆ. ಇಬ್ಬರಾದಾಗ, ವಾಯುಪಡೆಗಳು ಜೋಡಿಯಾಗಿಯೇ ಯಾಕೆ ಹೋಗುತ್ತವೆ ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಮಾತಿನ ಶಿಸ್ತೂ ಹಾಗೆಯೇ ಬರುತ್ತದೆ. ಮೊದಮೊದಲು ಎಲ್ಲರದೂ ಒಂದೇ ಕೂಗು: “ಅಲ್ಲಿ ನೋಡ್ಲೇ, ಅಲ್ಲಿ!” ಎಲ್ಲಿ, ಯಾರು, ಎಷ್ಟು ದೂರ, ಏನೂ ಇಲ್ಲ. ಬನಹಟ್ಟಿಯ ಗೆಳೆಯನ ಮೈಕಿನಲ್ಲಿ ಪವರ್‌ಲೂಮಿನ ಸದ್ದು ಸದಾ ಬರುತ್ತಿತ್ತು; ಗುಂಡಿ ಒತ್ತಿದಾಗ ಮಾತ್ರ ಮಾತು ಎಂಬ ನಿಯಮ ಹಾಕಿಕೊಂಡ ಮೇಲೆ ಎಲ್ಲರ ಮಾತೂ ಚುಟುಕಾಯಿತು. ಈಗ ಹೆಸರು ಮೊದಲು, ದಿಕ್ಕು ಆಮೇಲೆ: “ಎರಡನೇ ನಂಬರ, ನಿನ್ನ ಆರು ಗಂಟೆಗೆ ಬಂದಾನ, ಎಡಕ್ಕ ಹೊಳ್ಳು.” ಆರು ಗಂಟೆ ಎಂದರೆ ಬೆನ್ನ ಹಿಂದೆ. ಇಷ್ಟು ಸಾಕು, ಒಂದು ವಿಮಾನ ಉಳಿಯುತ್ತದೆ.

ದುಡ್ಡು ಕೊಟ್ಟು ಕೊಳ್ಳುವ ವಿಮಾನಗಳಲ್ಲಿ ನಮ್ಮ ಓದುಗರಿಗೆ ಹತ್ತಿರವಾದದ್ದು ಮಿಗ್-21ಬಿಸ್. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆ ಮಿಗ್-21ಗೆ ವಿದಾಯ ಹೇಳಿತು. ಚಿಕ್ಕ ತ್ರಿಕೋನ ರೆಕ್ಕೆಯ ಈ ವಿಮಾನವನ್ನು ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ನೆಲಕ್ಕೆ ತರಬೇಕು. ಪರದೆಯ ಮೇಲೆ ಅದನ್ನು ಇಳಿಸಲು ಹೆಣಗಿದವರಿಗೆ ಆರು ದಶಕ ಅದನ್ನು ಹಾರಿಸಿದ ನಮ್ಮ ಪೈಲಟ್‌ಗಳ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಇನ್ನೊಂದು ಸಣ್ಣ ಸಂಗತಿ: ಹಕ್ಕಿ ಡಿಕ್ಕಿ ಹೊಡೆಯುವ ಸಾಧ್ಯತೆಯನ್ನೂ ಈ ಆಟದಲ್ಲಿ ಹೆಚ್ಚು ಕಡಿಮೆ ಮಾಡಬಹುದು. ರನ್‌ವೇ ಮೇಲಿನ ಹಕ್ಕಿ ಓಡಿಸಲೆಂದು 2021ರಲ್ಲಿ ಮುಧೋಳದ ತಿಮ್ಮಾಪುರದ ಕೇಂದ್ರದಿಂದ ವಾಯುಪಡೆಗೆ ಮುಧೋಳ ನಾಯಿಮರಿಗಳು ಹೋದವಲ್ಲ, ಆ ಅಪಾಯವೇ ಇದು.

ಕೊಳ್ಳುವ ಮುನ್ನ ಮಾತ್ರ ಹತ್ತು ಸಲ ಯೋಚಿಸಬೇಕು. ಒಂದು ವಿಮಾನಕ್ಕೆ ಸಾವಿರಾರು ರೂಪಾಯಿ. ನಕಾಶೆಗಳೂ ಸೇರಿದರೆ ಹಾರ್ಡ್‌ಡಿಸ್ಕಿನಲ್ಲಿ ನೂರಾರು ಜಿಬಿ ಜಾಗ ಬೇಕು. ಕೊಂಡದ್ದು ಶಾಶ್ವತವೂ ಅಲ್ಲ. ನಮ್ಮ ಬೀದರಿನ ವಾಯುನೆಲೆಯಲ್ಲಿ ಪೈಲಟ್‌ಗಳು ತರಬೇತಿ ಪಡೆಯುವ ಹಾಕ್ ವಿಮಾನದ ಸೋದರ ರೂಪ ಡಿಸಿಎಸ್‌ನಲ್ಲೂ ಇತ್ತು. ತಯಾರಿಸಿದ ಸಂಸ್ಥೆ ಅದನ್ನು ಕೈಬಿಟ್ಟಿತು. ಹೊಸ ಆವೃತ್ತಿಗಳಲ್ಲಿ ದುಡ್ಡು ಕೊಟ್ಟವರಿಗೂ ಅದು ಇಲ್ಲದಂತಾಯಿತು. ಇದು ಈ ಆಟದ ದೊಡ್ಡ ದೋಷ. ಆಟ ಎಷ್ಟೇ ಚೆನ್ನಾಗಿದ್ದರೂ ಇದನ್ನು ಮರೆಯುವಂತಿಲ್ಲ. 14 ದಿನಗಳ ಉಚಿತ ಪರೀಕ್ಷಾ ಅವಧಿ ಇರುವುದು ಒಂದು ಸಮಾಧಾನ. ಹೊಸಬರು ಪುಕ್ಕಟೆ ವಿಮಾನಗಳಲ್ಲಿ ಕೈ ಪಳಗುವವರೆಗೂ ಬೇರೇನನ್ನೂ ಕೊಳ್ಳಬಾರದು. ಒಂದು ಸಾಧಾರಣ ಜಾಯ್‌ಸ್ಟಿಕ್ ಮತ್ತು, ಕರೆಂಟಿನ ನಂಬಿಕೆಯಿಲ್ಲದ ನಮ್ಮ ಊರುಗಳಲ್ಲಿ, ಒಂದು ಯುಪಿಎಸ್ ಇದ್ದರೆ ಸಾಕು.

ಒಬ್ಬಂಟಿ ಆಟಗಾರನಿಗೆ ಡಿಸಿಎಸ್ ಸುಂದರವಾದ ಆದರೆ ಬಾಗಿಲು ಹಾಕಿದ ಮನೆ. ಇಬ್ಬರಿದ್ದರೆ ಇಂದು ಲಭ್ಯವಿರುವ ಆಟಗಳಲ್ಲಿ ಇದಕ್ಕೆ ಸಾಟಿ ಕಡಿಮೆ. ಹಾರಿಸಲು ಕಲಿತ ಗೆಳೆಯರಲ್ಲಿ ನನ್ನದೊಂದು ಬೇಡಿಕೆ: ನಿಮಗೆ ಬಾಯಿಪಾಠವಾದ ಸ್ಟಾರ್ಟ್‌ಅಪ್ ಕ್ರಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ, ಒಂದೊಂದು ಗುಂಡಿ ಯಾಕೆ ಎಂಬ ಕಾರಣದ ಸಮೇತ. ಬರೆದು, ಮುಂದೆ ಬರುವ ಹುಡುಗನ ಕೈಗೆ ಕೊಡಿ.