ಜೆಟ್‌ಗಳ ಸಾಲಿನಲ್ಲಿ ಒಂದು ಸೆಸ್ನಾ

ಪುಟ್ಟ ವಿಮಾನ ಹಾರಿಸುವವರನ್ನು ಜನ ಸಾಮಾನ್ಯವಾಗಿ ಕೇಳುವುದು, ಎಂಜಿನ್ ನಿಂತುಹೋದರೆ ಏನು ಮಾಡ್ತೀರಿ ಅಂತ. ನಮ್ಮ ಎನ್.ಆರ್. ಕಾಲೋನಿಯಲ್ಲಿ ಇದಕ್ಕಿಂತ ಹದವಾದ ಪ್ರಶ್ನೆಗಳು ಬರುತ್ತವೆ. ಪಕ್ಕದ ಬೀದಿಯಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮೊನ್ನೆ ರಾಮಮಂದಿರದ ಮುಂದೆ ಸಿಕ್ಕವರು, "ಅಲ್ಲಪ್ಪಾ, ನಿನ್ನ ಸೆಸ್ನಾನ ದೇವನಹಳ್ಳೀಲಿ ಇಳಿಸೋಕೆ ಬಿಡ್ತಾರಾ?" ಎಂದರು. "ಮೊದಲೇ ಅನುಮತಿ, ಸ್ಲಾಟ್ ಎರಡೂ ಬೇಕು ಸಾರ್. ಅದು ಸಿಕ್ಕ ಮೇಲೆ ಆ ಸಾಲಿಗೆ ಹೊಂದಿಕೊಳ್ಳೋದು ನಿಜವಾದ ಕೆಲಸ" ಎಂದೆ. "ಹಾಗಾದ್ರೆ ಅದನ್ನೇ ಬರಿ" ಎಂದರು. ಈ ವಾರದ ಅಂಕಣ ಆ ಹೊಂದಿಕೊಳ್ಳುವಿಕೆಯ ಬಗ್ಗೆ.

ನಮ್ಮ ಬಡಾವಣೆಯವರಿಗೆ ಇದು ದೂರದ ವಿಷಯವೇನಲ್ಲ. ಬೆಂಗಳೂರಿನ ಹಳೆಯ ನಿಲ್ದಾಣವಾದ ಎಚ್‌ಎಎಲ್‌ನ ರನ್‌ವೇ ಪೂರ್ವ-ಪಶ್ಚಿಮವಾಗಿ ಮಲಗಿದೆ. ಅದನ್ನು ಪಶ್ಚಿಮಕ್ಕೆ ನೇರವಾಗಿ ಎಳೆದರೆ ಗೆರೆ ಲಾಲ್‌ಬಾಗಿನ ಮೇಲೆ ಹಾದು ಬಸವನಗುಡಿ, ಗವಿಪುರದ ಕಡೆಗೆ ಬರುತ್ತದೆ. ಮೂಡಣ ಗಾಳಿ ಬೀಸುವ ದಿನಗಳಲ್ಲಿ ವಿಮಾನಗಳು ಇದೇ ಗೆರೆ ಹಿಡಿದು ಇಳಿಯುತ್ತಿದ್ದವು. ಲಾಲ್‌ಬಾಗಿನ ಮೇಲೆ ಬರುವ ಹೊತ್ತಿಗೆ ರನ್‌ವೇ ಇನ್ನು ಏಳು ಕಿಲೋಮೀಟರ್, ಎತ್ತರ ನೆಲದಿಂದ ಸುಮಾರು 1,200 ಅಡಿ. ಚಕ್ರ ಬಿಟ್ಟುಕೊಂಡ ಏರ್‌ಬಸ್ಸು, ಅದರ ಹಿಂದೆ ಏರ್ ಡೆಕ್ಕನ್ನಿನ ಎಟಿಆರ್, ನಡುವೆ ಎಲ್ಲಿಂದಲೋ ಬಂದ ಒಂದು ಚಿಕ್ಕ ಪ್ರೊಪೆಲ್ಲರ್ ವಿಮಾನ. ತಾರಸಿಯಲ್ಲಿ ಹಪ್ಪಳ ಒಣಗಿಸುವವರಿಗೂ ಆ ಸಾಲಿನ ಅಂತರ ಅಂದಾಜಿಗೆ ಸಿಗುತ್ತಿತ್ತು. 2003ರಿಂದ 2008ರವರೆಗೆ ಆ ಒಂದೇ ರನ್‌ವೇ ಹೊತ್ತ ಭಾರ ಕಡಿಮೆಯದಲ್ಲ. ನಾಗರಿಕ ವಿಮಾನಗಳ ಜೊತೆಗೆ ವಾಯುಪಡೆಯ ವಿಮಾನಗಳು, ಎಚ್‌ಎಎಲ್‌ನ ಪರೀಕ್ಷಾ ಹಾರಾಟಗಳು, 2001ರ ಜನವರಿ 4ರಂದು ಅಲ್ಲಿಂದಲೇ ಮೊದಲ ಬಾರಿಗೆ ಹಾರಿದ ತೇಜಸ್, ಇವೆಲ್ಲದರ ಸಂದಿಯಲ್ಲಿ ಖಾಸಗಿ ವಿಮಾನಗಳು.

2008ರ ಮೇ 24ರಂದು ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದವು. ಖಾಸಗಿ ವಿಮಾನಗಳ ಮುಖ್ಯ ನೆಲೆಯಾಗಿ ಎಚ್‌ಎಎಲ್ ಉಳಿಯಿತು. ಕಲಿಯುವವರಿಗೆ ಜಕ್ಕೂರು ಮೊದಲಿನಿಂದಲೂ ಇದೆ. 1940ರ ದಶಕದ ಕೊನೆಯಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಅಲ್ಲೇ. ಆದರೆ ಜಕ್ಕೂರಿನ ಮೇಲಿನ ಆಕಾಶ ಈಗ ಇಕ್ಕಟ್ಟು. ಪಕ್ಕದಲ್ಲಿ ಯಲಹಂಕ ವಾಯುಪಡೆ ನೆಲೆ, ಉತ್ತರಕ್ಕೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್. ಜಕ್ಕೂರಿನಲ್ಲಿ ಕಲಿತ ಯಾರಿಗೇ ಆದರೂ ದೊಡ್ಡ ನಿಲ್ದಾಣ ಅನ್ನುವುದು ರೇಡಿಯೋದಲ್ಲಿ ಮೊದಲ ದಿನದಿಂದಲೇ ಕೇಳಿಸುವ ನೆರೆಮನೆ.

ಆ ನೆರೆಮನೆಯೊಳಗೆ ಕಾಲಿಡುವಾಗ ಮೊದಲು ಎದುರಾಗುವುದು ವೇಗದ ಲೆಕ್ಕ. ಏರ್‌ಬಸ್ 320 ಇಳಿಯುವಾಗ ಸುಮಾರು 140 ನಾಟ್‌ನಲ್ಲಿ ಬರುತ್ತದೆ. ಸೆಸ್ನಾ 172ರ ಪುಸ್ತಕ ಹೇಳುವುದು 65 ನಾಟ್ ಆಸುಪಾಸು. ಕೊನೆಯ ಐದು ನಾಟಿಕಲ್ ಮೈಲಿ ಕ್ರಮಿಸಲು ಏರ್‌ಬಸ್ಸಿಗೆ ಎರಡು ನಿಮಿಷ ಚಿಲ್ಲರೆ ಸಾಕು, ಸೆಸ್ನಾಗೆ ನಾಲ್ಕೂವರೆ ನಿಮಿಷ ಬೇಕು. ಸೆಸ್ನಾ ರನ್‌ವೇ ಮುಟ್ಟುವಾಗ ಹಿಂದಿನ ಜೆಟ್ ಮೂರು ಮೈಲಿ ದೂರದಲ್ಲಿರಬೇಕು ಅಂತಿಟ್ಟುಕೊಳ್ಳಿ. ಆಗ ಐದು ಮೈಲಿಯ ಗುರುತಿನಲ್ಲಿ ಅದಕ್ಕೂ ಇದಕ್ಕೂ ಹೆಚ್ಚುಕಡಿಮೆ ಒಂಬತ್ತು ಮೈಲಿ ಅಂತರ ಬಿಟ್ಟಿರಬೇಕಾಗುತ್ತದೆ. ಅಂದರೆ ಒಬ್ಬ ಹವ್ಯಾಸಿಗಾಗಿ ಜೆಟ್‌ಗಳ ಇಡೀ ಸಾಲು ಹಿಂದೆ ಸರಿಯಬೇಕು.

ಪಳಗಿದ ಪೈಲಟ್ ಇಲ್ಲೇ ಬೇರೆಯಾಗುತ್ತಾನೆ. ಅವನು ಕೊನೆಯ ಒಂದು ಮೈಲಿಯವರೆಗೂ 110 ನಾಟ್ ಇಟ್ಟುಕೊಂಡು ಬರುತ್ತಾನೆ. ಆಮೇಲೆ ಥ್ರಾಟಲ್ ಎಳೆದು, ವೇಗ 85ಕ್ಕೆ ಇಳಿದ ಮೇಲೆ ಫ್ಲ್ಯಾಪ್ ಪೂರ್ತಿ ಬಿಟ್ಟು, 65ಕ್ಕೆ ಬಂದು ಇಳಿಯುತ್ತಾನೆ. ಬೇಕಾಗಿದ್ದ ಒಂಬತ್ತು ಮೈಲಿ ಅಂತರ ಐದಕ್ಕೆ ಇಳಿಯುತ್ತದೆ. ಒಂದೂವರೆ ನಿಮಿಷ ಉಳಿಯುತ್ತದೆ. ಹಿಂದಿನ ವಿಮಾನದಲ್ಲಿ ಕುಳಿತ ನೂರೆಂಬತ್ತು ಜನಕ್ಕೆ ಗೊತ್ತೂ ಆಗದ ಉಪಕಾರ ಇದು. ಟವರಿನಲ್ಲಿ ಕುಳಿತವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ರಾಮನವಮಿ ಕಛೇರಿಯಲ್ಲಿ ಒಳ್ಳೆಯ ಖಂಜಿರದವನು ಮೃದಂಗದವರ ಜಾಗ ತಿನ್ನದೆ ಸರಿಯಾದ ಎಡುಪಿಗೆ ಬಂದು ಸೇರುತ್ತಾನಲ್ಲ, ಅಂಥದೇ ಕೆಲಸ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ನಂದಿಬೆಟ್ಟದ ಮೇಲೆ ಬೆಳಗಿನ ಹಾರಾಟ ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಕೈ, ಕಿವಿ, ಬುದ್ಧಿ ಮೂರೂ ಒಂದಾಗಿ ದುಡಿಯುವುದು ಜೆಟ್‌ಗಳ ನಡುವಿನ ಆ ಐದು ಮೈಲಿಯಲ್ಲಿ.

ಎರಡನೆಯದು ಸುಳಿಗಾಳಿ. ಹಾರುವ ಪ್ರತಿ ವಿಮಾನದ ರೆಕ್ಕೆಗಳ ತುದಿಯಿಂದ ಎರಡು ಸುಳಿಗಳು ಹೊರಟು ಹಿಂದೆ ಬೀಳುತ್ತವೆ. ವಿಮಾನ ಭಾರವಾದಷ್ಟೂ, ನಿಧಾನವಾದಷ್ಟೂ ಸುಳಿ ಬಲವಾಗುತ್ತದೆ. 1972ರ ಮೇ 30ರಂದು ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ತರಬೇತಿಯಲ್ಲಿದ್ದ ಡಿಸಿ-9 ಜೆಟ್ಟೊಂದು ಮುಂದೆ ಹೋದ ಡಿಸಿ-10ರ ಸುಳಿಗೆ ಸಿಕ್ಕಿ ಮಗುಚಿ ಬಿತ್ತು. ಒಳಗಿದ್ದ ನಾಲ್ವರೂ ಸತ್ತರು. ವಿಮಾನಗಳ ನಡುವೆ ಬಿಡಬೇಕಾದ ಅಂತರದ ನಿಯಮಗಳು ಬಿಗಿಯಾದದ್ದು ಆಮೇಲೆ. 7,000 ಕಿಲೋ ಒಳಗಿನ ವಿಮಾನ 'ಲೈಟ್'. ಅದು ಏರ್‌ಬಸ್ 320ರಂಥ 'ಮೀಡಿಯಂ' ವಿಮಾನದ ಹಿಂದೆ ಇಳಿಯಬೇಕಾದರೆ ಐದು ಮೈಲಿ, 'ಹೆವಿ'ಯ ಹಿಂದೆ ಆರು ಮೈಲಿ, ಎ380ರ ಹಿಂದೆ ಎಂಟು ಮೈಲಿ ಅಂತರ ಬೇಕು. 2022ರ ಅಕ್ಟೋಬರಿನಿಂದ ದುಬೈನ ಎ380 ಬೆಂಗಳೂರಿಗೂ ಬರುತ್ತಿದೆ. ಅದರ ಗರಿಷ್ಠ ತೂಕ ಸುಮಾರು 575 ಟನ್, ಸೆಸ್ನಾ 172ರದು 1,157 ಕಿಲೋ. ಹೆಚ್ಚುಕಡಿಮೆ ಐನೂರು ಪಟ್ಟು.

ಸುಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ನಡತೆ ಗೊತ್ತಿದೆ. ನಿಮಿಷಕ್ಕೆ ಕೆಲವು ನೂರು ಅಡಿಯಂತೆ ಕೆಳಗಿಳಿಯುತ್ತದೆ, ಗಾಳಿ ಬೀಸಿದತ್ತ ಸರಿಯುತ್ತದೆ. ಆದ್ದರಿಂದ ಮುಂದಿನ ಜೆಟ್ ಇಳಿದುಬಂದ ದಾರಿಗಿಂತ ಮೇಲೆಯೇ ಇರಬೇಕು. ಅದರ ಚಕ್ರ ನೆಲ ಮುಟ್ಟಿ ಹೊಗೆ ಎದ್ದ ಜಾಗವನ್ನು ಗುರುತಿಟ್ಟುಕೊಂಡು, ಅದನ್ನು ದಾಟಿ ಮುಂದೆ ಇಳಿಯಬೇಕು. ಚಕ್ರ ನೆಲ ಕಂಡ ಮೇಲೆ ರೆಕ್ಕೆಯಿಂದ ಹೊಸ ಸುಳಿ ಹೊರಡುವುದು ನಿಲ್ಲುತ್ತದೆ. ಮೂರರಿಂದ ಐದು ನಾಟ್‌ನ ಅಡ್ಡಗಾಳಿ ಇದ್ದ ದಿನ ಇನ್ನಷ್ಟು ಎಚ್ಚರ ಬೇಕು. ಅಷ್ಟು ಮೆಲುಗಾಳಿ ಒಂದು ಸುಳಿಯನ್ನು ಆಚೆ ತಳ್ಳಿ, ಇನ್ನೊಂದನ್ನು ರನ್‌ವೇ ಮೇಲೆಯೇ ನಿಲ್ಲಿಸಿಬಿಡುತ್ತದೆ.

ಮುಂದೆ ಇಳಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ದೇವನಹಳ್ಳಿಯ ಎರಡು ರನ್‌ವೇಗಳೂ ತಲಾ 4,000 ಮೀಟರ್ ಉದ್ದ. ಎರಡನೆಯದು ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಸೆಸ್ನಾಗೆ ಬೇಕಾದದ್ದು ಅದರ ಚಿಕ್ಕ ತುಣುಕು. ರನ್‌ವೇ ತುದಿಯಲ್ಲೇ ಇಳಿದರೆ ಹೊರಹೋಗುವ ಟ್ಯಾಕ್ಸಿವೇವರೆಗೆ ಉರುಳುತ್ತಾ ಸಾಗಬೇಕು, ಹಿಂದೆ ಬರುತ್ತಿರುವ ಜೆಟ್ ಇಳಿಯದೆ ಮತ್ತೆ ಮೇಲೇರಬೇಕಾದೀತು. ಹಾಗಾಗಿ ಟವರಿಗೆ ಮೊದಲೇ ಹೇಳಿ, ತಿರುವಿಗೆ ಹತ್ತಿರದಲ್ಲಿ ಇಳಿದು, ಬೇಗ ಜಾಗ ಬಿಡುವುದು ಜಾಣತನ. ಅಗಲವಾದ ರನ್‌ವೇ ಕಣ್ಣಿಗೆ ಮೋಸವನ್ನೂ ಮಾಡುತ್ತದೆ. ಸಣ್ಣ ಪಟ್ಟಿಗೆ ಒಗ್ಗಿದ ಕಣ್ಣಿಗೆ ನೆಲ ಇದ್ದದ್ದಕ್ಕಿಂತ ಹತ್ತಿರ ಬಂತು ಅನಿಸಿ, ಮೂತಿಯನ್ನು ಎತ್ತರದಲ್ಲೇ ಎತ್ತಿಬಿಡುವ ಆಸೆಯಾಗುತ್ತದೆ. ರನ್‌ವೇಯ ದೂರದ ತುದಿಯನ್ನು ನೋಡುತ್ತಾ ಇಳಿದರೆ ಆ ಮೋಸ ತಪ್ಪುತ್ತದೆ.

ಬೆಂಗಳೂರಿಗೆ ತನ್ನದೇ ಒಂದು ಲೆಕ್ಕವೂ ಉಂಟು. ನಾವಿರುವುದು ಸಮುದ್ರಮಟ್ಟದಿಂದ 3,000 ಅಡಿ ಮೇಲೆ. ಏಪ್ರಿಲ್ ಮಧ್ಯಾಹ್ನ ಬಿಸಿಲು 34 ಡಿಗ್ರಿ ಮುಟ್ಟಿದಾಗ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಎಂಜಿನ್ನಿಗೂ ರೆಕ್ಕೆಗೂ ಅದು 6,000 ಅಡಿ ಎತ್ತರದ ಗಾಳಿ. ಇಳಿಯದೆ ಮತ್ತೆ ಮೇಲೇರಿ ಎಂದು ಟವರ್ ಹೇಳಿದರೆ ಸೆಸ್ನಾ ಏದುಸಿರು ಬಿಡುತ್ತದೆ. ಆ ಹೊತ್ತಿಗೆ ಎಷ್ಟು ಬೇಗ ಏರಬಲ್ಲೆ ಎಂಬ ಲೆಕ್ಕವನ್ನು ಹೊರಡುವ ಮುಂಚೆಯೇ ಕಾಗದದ ಮೇಲೆ ಹಾಕಿಟ್ಟುಕೊಂಡಿರಬೇಕು.

ಇನ್ನು ರೇಡಿಯೋ. ಹೊರಡುವ ಮೊದಲು ಫ್ಲೈಟ್ ಪ್ಲಾನ್ ಕೊಟ್ಟು, ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ನಂಬರು, ವಾಯುರಕ್ಷಣೆಯ ಎಡಿಸಿ ನಂಬರು ಪಡೆದಿರಬೇಕು. ಮೇಲೇರಿದ ಮೇಲೆ ಟ್ರಾನ್ಸ್‌ಪಾಂಡರಿನಲ್ಲಿ ನಾಲ್ಕಂಕಿಯ ಸಂಕೇತ ಒತ್ತಬೇಕು. ಆ ಪೆಟ್ಟಿಗೆ ನಮ್ಮ ಎತ್ತರವನ್ನು ರೇಡಾರಿಗೂ ಅಕ್ಕಪಕ್ಕದ ಜೆಟ್‌ಗಳಿಗೂ ಹೇಳುತ್ತಿರುತ್ತದೆ. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ನಿಲ್ದಾಣದ ನಿಯಂತ್ರಿತ ಆಕಾಶಕ್ಕೆ ಅನುಮತಿಯಿಲ್ಲದೆ ಹೊಕ್ಕ ಪುಟ್ಟ ಪೈಪರ್ ವಿಮಾನಕ್ಕೂ ಏರೋಮೆಕ್ಸಿಕೋದ ಡಿಸಿ-9ಕ್ಕೂ ಸೆರಿಟೋಸ್ ಊರಿನ ಮೇಲೆ ಡಿಕ್ಕಿಯಾಗಿ, ನೆಲದ ಮೇಲಿದ್ದ 15 ಮಂದಿಯೂ ಸೇರಿ 82 ಜನ ತೀರಿಕೊಂಡರು. ಪೈಪರಿನ ಪೆಟ್ಟಿಗೆ ಎತ್ತರ ಹೇಳುವಂಥದ್ದಾಗಿರಲಿಲ್ಲ. ದೊಡ್ಡ ನಿಲ್ದಾಣಗಳ ಸುತ್ತ ಅಂಥ ಪೆಟ್ಟಿಗೆಯನ್ನೂ, ಪ್ರಯಾಣಿಕ ಜೆಟ್‌ಗಳಲ್ಲಿ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಯಂತ್ರವನ್ನೂ ಅಮೆರಿಕ ಕಡ್ಡಾಯ ಮಾಡಿದ್ದು ಆ ಸಾವುಗಳ ನಂತರ. ಕಂಟ್ರೋಲರ್ ಹೇಳಿದ್ದನ್ನು ಚಾಚೂ ತಪ್ಪದೆ ತಿರುಗಿ ಒಪ್ಪಿಸುವುದು, ಅರ್ಥವಾಗದಿದ್ದರೆ ಸಂಕೋಚ ಬಿಟ್ಟು ಮತ್ತೊಮ್ಮೆ ಕೇಳುವುದು, ಅನುಮತಿ ಸಿಗುವವರೆಗೆ ಹೊರಗೇ ಸುತ್ತುತ್ತಿರುವುದು, ಇವೆಲ್ಲ ಯಾರದೋ ಜೀವ ಹೋದ ಮೇಲೆ ಬಂದ ಪಾಠಗಳು.

ಇಷ್ಟೆಲ್ಲ ತಾಪತ್ರಯ ಇರುವಾಗ ಪುಟ್ಟ ವಿಮಾನಗಳನ್ನು ದೊಡ್ಡ ನಿಲ್ದಾಣದಿಂದ ದೂರವೇ ಇಡಬಾರದೇಕೆ? ಇದು ನ್ಯಾಯವಾದ ಪ್ರಶ್ನೆ. ಕೆಂಪೇಗೌಡ ನಿಲ್ದಾಣದಲ್ಲಿ 2024-25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಓಡಾಡಿದ್ದಾರೆ. 2024ರ ಫೆಬ್ರುವರಿಯಲ್ಲಿ ಮುಂಬೈ ನಿಲ್ದಾಣದ ಒತ್ತಡ ಇಳಿಸಲು ಸರ್ಕಾರ ಖಾಸಗಿ ವಿಮಾನಗಳ ಮೇಲಿನ ನಿರ್ಬಂಧದ ಅವಧಿಯನ್ನು ದಿನಕ್ಕೆ ನಾಲ್ಕು ಗಂಟೆಯಿಂದ ಎಂಟು ಗಂಟೆಗೆ ಏರಿಸಿತು. ದಟ್ಟಣೆಯ ಹೊತ್ತಿನಲ್ಲಿ ಆ ನಿರ್ಬಂಧ ಸರಿಯೇ. ನೂರಾರು ಜನರ ಸಮಯಕ್ಕಿಂತ ನನ್ನ ಹವ್ಯಾಸ ದೊಡ್ಡದಲ್ಲ.

ಆದರೆ ಬಾಗಿಲು ಪೂರ್ತಿ ಮುಚ್ಚಬಾರದು. ನಮ್ಮಲ್ಲಿ 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರು ಮುಂದಿನ ತರಬೇತಿ ಮುಗಿಸಿ ಏರ್‌ಬಸ್ಸಿನ ಬಲಗಡೆ ಸೀಟಿನಲ್ಲಿ ಕೂರುತ್ತಾರೆ. ಆ 200 ಗಂಟೆಯೂ ಖಾಲಿ ಆಕಾಶದಲ್ಲೇ ಕಳೆದಿದ್ದರೆ, ಸಾಲಿನ ಲಯ ಅವರಿಗೆ ನಿಜವಾಗಿ ಪರಿಚಯವಾಗುವುದು ಬೆನ್ನ ಹಿಂದೆ ನೂರೆಂಬತ್ತು ಜನ ಕುಳಿತ ಮೇಲೆ. ಮದರಾಸು ಫ್ಲೈಯಿಂಗ್ ಕ್ಲಬ್ಬಿನವರು ದಶಕಗಳ ಕಾಲ ಮೀನಂಬಾಕ್ಕಂನ ದೊಡ್ಡ ನಿಲ್ದಾಣದಲ್ಲೇ ಕಲಿತರು. ತಿರುವನಂತಪುರದ ಅಂತರರಾಷ್ಟ್ರೀಯ ನಿಲ್ದಾಣದಲ್ಲೂ ತರಬೇತಿ ಸಂಸ್ಥೆಯೊಂದು ನೆಲೆಯೂರಿದೆ. ದೊಡ್ಡವರ ಜೊತೆ ಚಿಕ್ಕವರು ಬಾಳಬಹುದು ಎನ್ನುವುದಕ್ಕೆ ದಕ್ಷಿಣ ಭಾರತದಲ್ಲೇ ಪುರಾವೆ ಇದೆ. ಈ ದೇಶದ ವಿಮಾನಯಾನ ಹುಟ್ಟಿದ್ದೂ ಪುಟ್ಟ ವಿಮಾನಗಳಿಂದಲೇ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದದ್ದು ಒಂಟಿ ಎಂಜಿನ್ನಿನ ಪುಸ್ ಮಾತ್‌ನಲ್ಲಿ.

ಆದ್ದರಿಂದ ನಾನು ಕೇಳುವುದು ಎರಡೇ. ದಟ್ಟಣೆ ಇಳಿದ ಹಗಲು ಹೊತ್ತಿನಲ್ಲಿ ತರಬೇತಿ ಮತ್ತು ಖಾಸಗಿ ವಿಮಾನಗಳಿಗೆ ದೇವನಹಳ್ಳಿಯಲ್ಲಿ ಒಂದೆರಡು ಸ್ಲಾಟ್ ಖಾತ್ರಿಯಾಗಿ ಇರಲಿ. ಜೊತೆಗೆ, ಲೈಸೆನ್ಸ್‌ಗೆ ಬೇಕಾದ ದೂರದ ಹಾರಾಟಗಳಲ್ಲಿ ಒಂದಾದರೂ ದೊಡ್ಡ ನಿಲ್ದಾಣಕ್ಕೆ, ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆಯಲಿ.

ಹಾರಿಸುವ ಗೆಳೆಯರಿಗೂ ಒಂದು ಮಾತು. ಹೋಗುವ ಮುನ್ನ ಟ್ಯಾಕ್ಸಿವೇ ನಕ್ಷೆಯನ್ನು ಬಾಯಿಪಾಠ ಮಾಡಿ. ದೊಡ್ಡ ನಿಲ್ದಾಣದಲ್ಲಿ ಜೆಟ್ ಇಂಧನ ಹೊಳೆಯಾಗಿ ಹರಿದರೂ ಸೆಸ್ನಾಗೆ ಬೇಕಾದ ಏವ್‌ಗ್ಯಾಸ್ ಪೆಟ್ರೋಲ್ ಸಿಗುತ್ತದೆಂಬ ನಂಬಿಕೆ ಬೇಡ, ವಾಪಸಾಗುವಷ್ಟನ್ನು ತುಂಬಿಕೊಂಡೇ ಹೊರಡಿ. ಸೂರ್ಯಾಸ್ತಕ್ಕೆ ಸಾಕಷ್ಟು ಮುಂಚೆ ಮರಳುವಂತೆ ಸಮಯ ಇಟ್ಟುಕೊಳ್ಳಿ, ಕಣ್ಣಳತೆಯ ಹಾರಾಟಕ್ಕೆ ರಾತ್ರಿಯ ಪರವಾನಗಿ ಇಲ್ಲ. 110 ನಾಟ್‌ನಲ್ಲಿ ಬಂದು 65ಕ್ಕೆ ಇಳಿಸುವುದನ್ನು ಮೈಸೂರಿನ ಮಂಡಕಳ್ಳಿಯಂಥ ನಿಲ್ದಾಣದಲ್ಲಿ, ಶಿಕ್ಷಕರ ಜೊತೆ, ಕೈಗೆ ಹತ್ತುವವರೆಗೆ ಅಭ್ಯಾಸ ಮಾಡಿ. ದೊಡ್ಡ ನಿಲ್ದಾಣದ ಕಂಟ್ರೋಲರಿಗೆ ನಿಮ್ಮ ವಿಮಾನದ ಗಾತ್ರದಿಂದ ತೊಂದರೆಯಿಲ್ಲ. ಹೇಳಿದ ವೇಗದಲ್ಲಿ, ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ಇರುತ್ತೀರೆಂಬ ಭರವಸೆ ಅವರಿಗೆ ಬೇಕು. ಆ ಭರವಸೆ ಒಬ್ಬೊಬ್ಬ ಪೈಲಟ್ ಗಳಿಸಿದಷ್ಟೂ ಮುಂದೆ ಬರುವವರಿಗೆ ಬಾಗಿಲು ತೆರೆದಿರುತ್ತದೆ.